ಹುಲ್ಲಿಗೆ ಏನು ಹೊಡೆಸಿದಿರಿ, ನಮಗೂ ಹೇಳಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಮತ್ತು ಬಡಾವಣೆ ನಿವಾಸಿ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಸಮಿತಿ ಸದಸ್ಯರೇ,



ಸಂಬಳವಿಲ್ಲದ, ಬೈಗುಳವೇ ಹೆಚ್ಚು ಸಿಗುವ ಕೆಲಸ ನಿಮ್ಮದು. ಲಿಫ್ಟ್ ಕೆಟ್ಟರೂ ನಿಮಗೇ ಫೋನು, ಕಾವೇರಿ ನೀರು ಬರದಿದ್ದರೂ ನಿಮಗೇ ಫೋನು, ಮೇಲಿನ ಮನೆಯ ಬಚ್ಚಲು ಸೋರಿದರೂ ನಿಮಗೇ ಫೋನು. ಅದರ ಮೇಲೆ ನಾನೊಬ್ಬ ಪತ್ರ ಬರೆದೆನೆಂದು ಬೇಸರಪಟ್ಟುಕೊಳ್ಳಬೇಡಿ. ನಾಯಿ ಸಾಕಿದವರಿಗೆ ಹೇಳಬೇಕಾದದ್ದನ್ನು ಕ್ಲಿನಿಕ್ಕಿನಲ್ಲಿ ದಿನವೂ ಹೇಳುತ್ತಲೇ ಇರುತ್ತೇನೆ. ಆದರೆ ಅವರ ಕೈಯಲ್ಲಿಲ್ಲದ ಒಂದು ಅಧಿಕಾರ ನಿಮ್ಮ ಕೈಯಲ್ಲಿದೆ. ಆವರಣದ ಹುಲ್ಲುಹಾಸಿಗೆ ಏನು ಹೊಡೆಯಬೇಕು, ಯಾವಾಗ ಹೊಡೆಯಬೇಕು, ಹೊಡೆದದ್ದನ್ನು ಯಾರಿಗೆ ತಿಳಿಸಬೇಕು ಎಂದು ತೀರ್ಮಾನಿಸುವವರು ನೀವು. ಹಾಗಾಗಿ ಈ ಪತ್ರ ನೇರವಾಗಿ ನಿಮಗೆ.

ನಾನು ಪಶುವೈದ್ಯ. ಸರ್ಕಾರಿ ಕೆಲಸದಲ್ಲಿದ್ದಷ್ಟು ಕಾಲ ಹಳ್ಳಿಗಳಲ್ಲಿ ದನ, ಎಮ್ಮೆ, ಕುರಿಗಳ ನಡುವೆ ಇದ್ದೆ. ನಿವೃತ್ತನಾದ ಮೇಲೆ ಬೆಂಗಳೂರಿನಲ್ಲಿ ಒಂದು ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದೇನೆ; ಇಲ್ಲಿಗೆ ಬರುವುದು ಹೆಚ್ಚಾಗಿ ನಾಯಿಗಳು. ವಿಷ ಏರಿದ ಪ್ರಾಣಿಗಳನ್ನು ಎರಡೂ ಕಡೆ ನೋಡಿದ್ದೇನೆ. ಔಷಧಿ ಹೊಡೆದ ಹೊಲಕ್ಕೆ ಹಸು ನುಗ್ಗಿ ಮೇದುಬಿಟ್ಟರೆ, ನನ್ನನ್ನು ಕರೆಯಲು ಓಡಿಬರುವ ರೈತನ ಕೈಯಲ್ಲಿ ಖಾಲಿ ಡಬ್ಬಿ ಇರುತ್ತಿತ್ತು. "ಇದನ್ನೇ ಸಾ ಹೊಡ್ದಿದ್ದು, ಮೊನ್ನೆ ಸಾಯಂಕಾಲ, ಕ್ಯಾನಿಗೆ ಎರಡು ಮುಚ್ಚಳ" ಎಂದು ಒಂದೇ ಉಸಿರಿಗೆ ಹೇಳುತ್ತಿದ್ದ. ಓದು ಬಾರದವನೂ ಡಬ್ಬಿ ಮರೆಯುತ್ತಿರಲಿಲ್ಲ. ಬೆಂಗಳೂರಿನಲ್ಲಿ ಎಂಜಿನಿಯರು, ವಕೀಲರು, ಪ್ರೊಫೆಸರುಗಳು ನಡುಗುತ್ತಿರುವ ನಾಯಿಯನ್ನು ಎದೆಗವಚಿಕೊಂಡು ಬರುತ್ತಾರೆ. ಎಲ್ಲಿ ಓಡಾಡಿತ್ತು, ಏನು ಮೂಸಿತ್ತು ಎಂದು ಕೇಳಿದರೆ, "ಗಾರ್ಡನ್ನಲ್ಲಿ ಏನೋ ಸ್ಪ್ರೇ ಮಾಡಿದ್ರು ಅನ್ಸುತ್ತೆ ಡಾಕ್ಟ್ರೇ" ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ. ಅವರಿಗೆ ಯಾರೂ ಹೇಳಿಯೇ ಇರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಹೆಣ್ಣು ಲ್ಯಾಬ್ರಡಾರ್ ಬಂತು. ಬಾಯಿ ತುಂಬ ಜೊಲ್ಲು, ಕಣ್ಣಲ್ಲಿ ನೀರು, ಹಿಡಿತ ತಪ್ಪಿದ ಬೇಧಿ, ತೊಡೆಯ ಸ್ನಾಯುಗಳು ಅದುರುತ್ತಿದ್ದವು. ಮನೆಯವರು ಸೆಕ್ಯೂರಿಟಿಗೆ ಫೋನ್ ಮಾಡಿದರು. ಸೆಕ್ಯೂರಿಟಿಯವರು ಸೂಪರ್‌ವೈಸರ್ ಕಡೆ ಕೈ ತೋರಿಸಿದರು. ಸೂಪರ್‌ವೈಸರು ತೋಟದ ಕಂಟ್ರಾಕ್ಟರ್ ನಂಬರ್ ಕೊಟ್ಟರು. ಕಂಟ್ರಾಕ್ಟರು ಫೋನ್ ಎತ್ತಲಿಲ್ಲ. ಕೊನೆಗೆ ಸಿಕ್ಕ ಮಾಲಿ, "ಗೆದ್ದಲಿಗೆ ಹಾಕೋ ಎಣ್ಣೆ ಸಾರ್, ವಾಸನೆ ಜಾಸ್ತಿ, ಹೆಸರು ಗೊತ್ತಿಲ್ಲ, ಬೇರೆ ಬಾಟ್ಲಿಗೆ ಹಾಕಿ ಕೊಟ್ಟಿದ್ರು" ಎಂದ. ಅಷ್ಟರಲ್ಲಿ ಕಿರಿದಾಗಿದ್ದ ಕಣ್ಣಿನ ಪಾಪೆ ನೋಡಿ ನಾನು ಒಂದು ಅಂದಾಜಿಗೆ ಬಂದು ಅಟ್ರೊಪಿನ್ ಎಂಬ ಪ್ರತಿವಿಷ ಕೊಟ್ಟಿದ್ದೆ. ನಾಯಿ ಉಳಿಯಿತು. ಲಕ್ಷಣಗಳು ಅಷ್ಟು ಸ್ಪಷ್ಟವಾಗಿದ್ದುದರಿಂದ ಉಳಿಯಿತು. ಎಲ್ಲ ವಿಷಗಳೂ ಹಾಗೆ ಮುಖ ತೋರಿಸುವುದಿಲ್ಲ.

ಹೆಸರು ಏಕೆ ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ನರದಿಂದ ಸ್ನಾಯುವಿಗೆ ಹೋದ ಸಂಕೇತವನ್ನು ಅಳಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಸಂಕೇತ ನಿಲ್ಲುವುದೇ ಇಲ್ಲ. ಗ್ರಂಥಿಗಳು ಸುರಿಸುತ್ತಲೇ, ಸ್ನಾಯುಗಳು ಅದುರುತ್ತಲೇ ಇರುತ್ತವೆ, ಕೊನೆಗೆ ಉಸಿರಾಟ ಸೋಲುತ್ತದೆ. ಇದಕ್ಕೆ ಅಟ್ರೊಪಿನ್ ಇದೆ, ಪ್ರಾಲಿಡಾಕ್ಸಿಮ್ ಇದೆ. ಇಲಿಗೆ ಇಡುವ ಬ್ರೊಮಾಡಿಯೊಲೋನ್ ಬೇರೆಯದೇ ಜಾತಿ. ತಿಂದ ನಾಯಿ ಎರಡು ಮೂರು ದಿನ ಆಟವಾಡಿಕೊಂಡೇ ಇರುತ್ತದೆ. ಒಳಗೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕರಗುತ್ತಿರುತ್ತದೆ. ಅದಕ್ಕೆ ವಿಟಮಿನ್ ಕೆ1, ಅದೂ ವಾರಗಟ್ಟಲೆ. ಇಲಿಗೇ ಇಡುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ತಾಗಿದರೆ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಮನೆಯವರು ಕರುಣೆಯಿಂದ ಹಾಲು ಅನ್ನ ತಿನ್ನಿಸಿದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯಿಂದ ಸೆಳವು ಬರುತ್ತದೆ, ಮೈ ಕಾದು ಕೆಂಡವಾಗುತ್ತದೆ. ಅದಕ್ಕೆ ಪ್ರತಿವಿಷವೇ ಇಲ್ಲ, ಸೆಳವು ತಡೆದು ಮೈ ತಣಿಸುತ್ತ ಕಾಯಬೇಕು. ನಾಲ್ಕು ವಿಷಕ್ಕೆ ನಾಲ್ಕು ದಾರಿ. ಯಾವ ದಾರಿ ಹಿಡಿಯಬೇಕೆಂದು ಹೇಳಬೇಕಾದ ಚೀಟಿ ನಿಮ್ಮ ಆವರಣದ ಸ್ಟೋರ್ ರೂಮಿನಲ್ಲೋ ಕಂಟ್ರಾಕ್ಟರ ಟೆಂಪೋದಲ್ಲೋ ಇರುತ್ತದೆ.

"ನಾವೂ ಅದೇ ಹುಲ್ಲಿನ ಮೇಲೆ ನಡೆಯುತ್ತೇವಲ್ಲ, ನಮಗೇನೂ ಆಗಿಲ್ಲ" ಎಂದು ಒಬ್ಬ ಕಾರ್ಯದರ್ಶಿ ನನ್ನನ್ನು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ನೀವು ಚಪ್ಪಲಿ ಹಾಕಿಕೊಂಡು ನಡೆಯುತ್ತೀರಿ, ಮನೆಗೆ ಹೋಗಿ ಚಪ್ಪಲಿ ಬಾಗಿಲಲ್ಲಿ ಬಿಡುತ್ತೀರಿ. ನಾಯಿಯ ಪಾದ ಬರಿಗಾಲು. ಬೆರಳುಗಳ ನಡುವಿನ ಕೂದಲಿಗೆ ಇಬ್ಬನಿಯ ಜತೆ ಹತ್ತಿದ ಔಷಧಿ ಮನೆಯೊಳಗೆ, ಚಾಪೆಯ ಮೇಲೆ, ಮಕ್ಕಳ ಹಾಸಿಗೆಯ ಮೇಲೆ ಹೋಗುತ್ತದೆ. ಆಮೇಲೆ ನಾಯಿ ಕುಳಿತು ಆ ಪಾದವನ್ನು ನೆಕ್ಕಿ ನೆಕ್ಕಿ ಚೊಕ್ಕ ಮಾಡಿಕೊಳ್ಳುತ್ತದೆ. ಮೂಗನ್ನು ಹುಲ್ಲಿಗೆ ತಾಗಿಸಿಯೇ ಅದು ಲೋಕವನ್ನು ತಿಳಿದುಕೊಳ್ಳುವುದು. ಹೊಟ್ಟೆ ಸರಿಯಿಲ್ಲದ ದಿನ ಹುಲ್ಲನ್ನೇ ತಿನ್ನುತ್ತದೆ. ಹೊಟ್ಟೆಯ ಭಾಗದಲ್ಲಿ ಕೂದಲು ಕಡಿಮೆ, ಅದನ್ನೇ ನೆಲಕ್ಕೆ ಒತ್ತಿ ಮಲಗುತ್ತದೆ. ಡ್ಯಾಶ್‌ಹೌಂಡ್‌ನಂಥ ಕುಳ್ಳ ನಾಯಿಗಳ ಹೊಟ್ಟೆ ನಡೆಯುವಾಗಲೇ ಹುಲ್ಲಿಗೆ ಸವರುತ್ತದೆ. ಹತ್ತು ಕೆಜಿ ತೂಕದ ಮೈಗೆ ಇಷ್ಟೂ ದಾರಿಗಳಿಂದ ಒಟ್ಟಿಗೆ ಒಳಹೋಗುವ ಪ್ರಮಾಣವನ್ನು ನಿಮ್ಮ ಸಂಜೆಯ ವಾಕಿಂಗ್ ಜತೆ ಹೋಲಿಸಿ ನೋಡುವುದು ಸರಿಯಾಗದು.

ಈಗ ನಿಮ್ಮ ಸ್ಟೋರ್ ರೂಮಿನ ಬಾಗಿಲು ತೆರೆಯೋಣ. ಅಲ್ಲಿ ನಾನು ಸಾಮಾನ್ಯವಾಗಿ ಕಂಡಿರುವುದು ಇವು: ಗೆದ್ದಲು, ಇರುವೆಗೆ ಕ್ಲೋರ್‌ಪೈರಿಫಾಸ್, ಕಳೆಗೆ ಗ್ಲೈಫೊಸೇಟ್ ಅಥವಾ 2,4-ಡಿ, ಬಸವನಹುಳದ ಗುಳಿಗೆ, ಇಲಿ ಪಾಷಾಣ, ಗೊಬ್ಬರಕ್ಕೆ ಮೂಳೆಪುಡಿ, ಬೇವಿನ ಹಿಂಡಿ, ಹರಳು ಹಿಂಡಿ. ಕೆಲವು ಕಡೆ ಹೆಸರಿನ ಚೀಟಿ ಕಿತ್ತುಹೋದ ಹರಳುಹರಳಾದ ವಿಷವೂ ಇರುತ್ತದೆ. "ಹಳೇ ಸ್ಟಾಕು" ಎನ್ನುತ್ತಾರೆ. ಒಂದು ಕಾಲದಲ್ಲಿ ಎಲ್ಲ ತೋಟಗಳಲ್ಲೂ ಇದ್ದ ಫೋರೇಟ್ ಹರಳನ್ನು ಕೇಂದ್ರ ಸರ್ಕಾರ 2018ರ ಆದೇಶದ ಮೂಲಕ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಮೂಲೆಯಲ್ಲಿ ಅಂಥದ್ದೇನಾದರೂ ಉಳಿದಿದ್ದರೆ ಇವತ್ತೇ ಬೀಗ ಹಾಕಿ, ಕೃಷಿ ಇಲಾಖೆಯವರನ್ನು ಕೇಳಿ ವಿಲೇವಾರಿ ಮಾಡಿಸಿ. ಚರಂಡಿಗೆ ಸುರಿಯಬೇಡಿ.

ಗ್ಲೈಫೊಸೇಟ್ ವಿಚಾರದಲ್ಲಿ ನಿಮ್ಮಲ್ಲಿ ಅನೇಕರಿಗೆ ತಿಳಿಯದ ಒಂದು ನಿಯಮವಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಹೊರಡಿಸಿದ ಆದೇಶದ ಪ್ರಕಾರ ಅದನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಬಿಟ್ಟು ಬೇರೆ ಯಾರೂ ಬಳಸುವಂತಿಲ್ಲ. ಆ ಕೆಲಸ ಮಾಡುವವರಿಗೆ ಕೀಟನಾಶಕ ನಿಯಮಗಳ ಅಡಿ ಪರವಾನಗಿ ಇರಬೇಕು. ನಿಮ್ಮ ಮಾಲಿ ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಹೊಡೆಯುತ್ತಿದ್ದರೆ, ಆ ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ಕಂಟ್ರಾಕ್ಟರನ್ನು ಕೇಳಿದ್ದೀರಾ? ಕ್ಲೋರ್‌ಪೈರಿಫಾಸನ್ನು ಯುರೋಪಿಯನ್ ಒಕ್ಕೂಟ 2020ರಲ್ಲಿ ಕೈಬಿಟ್ಟಿತು. ಜಗತ್ತಿನಿಂದಲೇ ತೊಲಗಿಸಬೇಕಾದ ರಾಸಾಯನಿಕಗಳ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ, ಕೆಲವು ವಿನಾಯಿತಿಗಳೊಂದಿಗೆ, 2025ರಲ್ಲಿ ಅದು ಸೇರಿತು. ಮಕ್ಕಳು ಉರುಳಾಡುವ ಹುಲ್ಲಿಗೆ ಅದನ್ನು ನೀರಿನಂತೆ ಸುರಿಯುವ ಅಗತ್ಯ ಏನಿದೆ ಎಂದು ಒಮ್ಮೆ ಯೋಚಿಸಿ.

ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವನ್ನು ನೀವು ನೋಡಿರಬಹುದು. ಕೆಂಪು ಎಂದರೆ ಅತಿ ತೀವ್ರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. "ಇದು ಹಸಿರು ತ್ರಿಕೋನ ಸಾರ್, ಸೇಫು" ಎಂದು ಕಂಟ್ರಾಕ್ಟರು ಹೇಳಿದರೆ ಅಲ್ಲಿಗೇ ನಿಲ್ಲಬೇಡಿ. ಪ್ರಯೋಗದ ಪ್ರಾಣಿಗೆ ಒಮ್ಮೆಗೆ ಎಷ್ಟು ಕೊಟ್ಟರೆ ಸಾಯುತ್ತದೆ ಎಂಬ ಲೆಕ್ಕದ ಮೇಲೆ ಆ ಬಣ್ಣ ಬರುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಒಳಹೋದರೆ ವರ್ಷಗಳ ನಂತರ ಏನಾಗುತ್ತದೆ ಎಂಬುದು ಆ ತ್ರಿಕೋನದಲ್ಲಿ ಇಲ್ಲ.

ರಾಸಾಯನಿಕವೇ ಅಲ್ಲದ ಹರಳು ಹಿಂಡಿಯನ್ನು ಈ ಪಟ್ಟಿಗೆ ಏಕೆ ಸೇರಿಸಿದೆ ಎಂದು ನಿಮಗೆ ಅನ್ನಿಸಿರಬೇಕು. ಹರಳುಬೀಜದಲ್ಲಿ ರೈಸಿನ್ ಎಂಬ ಉಗ್ರ ವಿಷವಿದೆ. ಅದು ಎಣ್ಣೆಗೆ ಹೋಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಚೆನ್ನಾಗಿ ಬೇಯಿಸಿದ ಹಿಂಡಿಯಲ್ಲಿ ನಾಶವಾಗುತ್ತದೆ, ಆದರೆ ಗೊಬ್ಬರದ ಚೀಲದಲ್ಲಿರುವುದು ಬೇಯಿಸಿದ್ದೋ ಇಲ್ಲವೋ ಯಾರು ಬಲ್ಲರು? ಅದರ ವಾಸನೆ ನಾಯಿಗೆ ತಿಂಡಿಯ ಹಾಗೆ. ಮೂಳೆಪುಡಿಯ ಜತೆ ಬೆರೆಸಿಬಿಟ್ಟರಂತೂ ಹೊಸದಾಗಿ ಗೊಬ್ಬರ ಹಾಕಿದ ಪಾತಿಯನ್ನು ಅಗೆದು ಅಗೆದು ತಿನ್ನುತ್ತದೆ. ಅರ್ಧ ದಿನದ ಹೊತ್ತಿಗೆ ವಾಂತಿ, ಆಮೇಲೆ ರಕ್ತಬೇಧಿ. ಪ್ರತಿವಿಷ ಇಲ್ಲ. ಹೀಗೆ ಬಂದ ಒಂದು ಎಳೆ ನಾಯಿಯನ್ನು ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಆ ಸಂಘದವರು ಕೆಟ್ಟವರೇನಲ್ಲ. "ನಾವು ಕೆಮಿಕಲ್ ಬಿಟ್ಟು ಪೂರ್ತಿ ಸಾವಯವಕ್ಕೆ ಬಂದಿದ್ದೇವೆ" ಎಂದು ಹೆಮ್ಮೆಯಿಂದ ಇದ್ದವರು. ಸಾವಯವ ಎಂಬ ಒಂದೇ ಕಾರಣಕ್ಕೆ ಅದರ ಚೀಲದಲ್ಲಿ ಏನಿದೆ ಎಂದು ಯಾರೂ ಕೇಳಿರಲಿಲ್ಲ.

ಇದುವರೆಗೆ ಹೇಳಿದ್ದು ಕಣ್ಣೆದುರೇ ಆಗುವ ಅನಾಹುತ. ನಿಧಾನವಾಗಿ ಆಗುವುದು ಇನ್ನೊಂದಿದೆ. ಅಮೆರಿಕದ ಇಂಡಿಯಾನಾದಲ್ಲಿರುವ ಪರ್ಡ್ಯೂ ವಿಶ್ವವಿದ್ಯಾಲಯದ ಪಶುವೈದ್ಯರು 2004ರಲ್ಲಿ ಸ್ಕಾಟಿಷ್ ಟೆರಿಯರ್ ತಳಿಯ ನಾಯಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಈ ತಳಿಗೆ ಮೂತ್ರಕೋಶದ ಕ್ಯಾನ್ಸರ್ ಹುಟ್ಟಿನಿಂದಲೇ ಬೆನ್ನುಹತ್ತಿದ ಪಿಡುಗು. ಕ್ಯಾನ್ಸರ್ ಬಂದ 83 ನಾಯಿಗಳನ್ನು ಬೇರೆ ತೊಂದರೆಗಳಿದ್ದ 83 ನಾಯಿಗಳ ಜತೆ ಹೋಲಿಸಿದಾಗ, 2,4-ಡಿ ಸೇರಿದ ಫಿನಾಕ್ಸಿ ಗುಂಪಿನ ಕಳೆನಾಶಕ ಹೊಡೆದ ಹುಲ್ಲಿನಲ್ಲಿ ಓಡಾಡಿದ ನಾಯಿಗಳಲ್ಲಿ ಆ ಕ್ಯಾನ್ಸರಿನ ಸಂಭವ ನಾಲ್ಕು ಪಟ್ಟಿಗೂ ಹೆಚ್ಚು ಕಂಡಿತು. ಅದೇ ವಿಶ್ವವಿದ್ಯಾಲಯದವರು 2013ರಲ್ಲಿ ನಾಯಿಗಳ ಮೂತ್ರವನ್ನೇ ಪರೀಕ್ಷಿಸಿದರು. ಹುಲ್ಲಿಗೆ ಔಷಧಿ ಹೊಡೆಸುವ 25 ಮನೆಗಳ ಪೈಕಿ 19 ಮನೆಗಳ ನಾಯಿಗಳ ಮೂತ್ರದಲ್ಲಿ, ಸಿಂಪಡಣೆಯ ನಂತರ, ಹುಲ್ಲಿನ ರಾಸಾಯನಿಕ ಸಿಕ್ಕಿತು. ಸಿಂಪಡಣೆಗೆ ಮೊದಲೇ 14 ಮನೆಗಳಲ್ಲಿ ಇತ್ತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಲೆಕ್ಕ: ತಮ್ಮ ಹುಲ್ಲಿಗೆ ಏನನ್ನೂ ಹೊಡೆಸದ 8 ಮನೆಗಳಲ್ಲೂ 4 ಮನೆಗಳ ನಾಯಿಗಳಲ್ಲಿ ಅದು ಸಿಕ್ಕಿತು. ಪಕ್ಕದ ಹುಲ್ಲಿನಿಂದ, ಗಾಳಿಯಿಂದ, ನಡಿಗೆಯ ದಾರಿಯಿಂದ ಬಂದಿರಬೇಕು.

ಇಂಥ ಅಧ್ಯಯನಗಳು ಸಂಬಂಧವನ್ನು ತೋರಿಸುತ್ತವೆ, "ಇದರಿಂದಲೇ ಅದಾಯಿತು" ಎಂದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷ್ಯ ಕೊಡುವುದಿಲ್ಲ. ಅಲ್ಲಿನ ನಾಯಿ, ಅಲ್ಲಿನ ಹುಲ್ಲು, ಅಲ್ಲಿನ ಚಳಿ ಬೇರೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಹೆದರಿಸುವುದು ನನಗೆ ಬೇಡ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ನೋಡಿ. ರೈತನಿಗಾದರೆ ಬೆಳೆ ಇದೆ, ಸಾಲ ಇದೆ, ವರ್ಷದ ಅನ್ನ ಇದೆ. ಆವರಣದ ಹುಲ್ಲಿನಲ್ಲಿ ನಾಲ್ಕು ಕಡ್ಡಿ ಜೇಕು ಎದ್ದರೆ ನಾವು ಕಳೆದುಕೊಳ್ಳುವುದು ನೋಟದ ಒಂದಿಷ್ಟು ಚಂದ ಮಾತ್ರ. ಅಷ್ಟಕ್ಕಾಗಿ ಆ ಅಪಾಯದ ಕಾಲು ಭಾಗವನ್ನಾದರೂ ಏಕೆ ಹೊರಬೇಕು?

ನಿಮ್ಮಲ್ಲಿ ನಾಯಿ ಸಾಕದವರು, ನಾಯಿ ಕಂಡರಾಗದವರು ಇದ್ದೀರಿ. ನಿಮಗೂ ಇದರಲ್ಲಿ ಪಾಲಿದೆ. ಗಣೇಶನ ಹಬ್ಬದ ಬೆಳಗ್ಗೆ ಆವರಣದ ಅಂಚಿನಲ್ಲಿ ಬಗ್ಗಿ ಗರಿಕೆ ಕೀಳುವ ಅಜ್ಜಿಯರನ್ನು ನೋಡಿದ್ದೀರಲ್ಲ? ಮೆಕ್ಸಿಕನ್ ಹುಲ್ಲು ಹಾಸಿದ ಕಡೆ ಕಂಟ್ರಾಕ್ಟರಿಗೆ ಗರಿಕೆಯೂ ಒಂದು ಕಳೆ. ಅವನು ಮೊದಲು ಹೊಡೆಯುವುದೇ ಅದಕ್ಕೆ. ಪೈಪಿನ ನೀರು ಸೋರುವ ತೇವದ ಜಾಗದಲ್ಲಿ ಹಬ್ಬುವ ಒಂದೆಲಗವನ್ನು ಮಲೆನಾಡಿನ ಕಡೆಯವರು ಕಂಡರೆ ಬಿಡುವುದಿಲ್ಲ, ಮಧ್ಯಾಹ್ನಕ್ಕೆ ತಂಬುಳಿ ಆಗುತ್ತದೆ. ಆ ಸೊಪ್ಪಿಗೆ ಮೊನ್ನೆ ಏನು ಬಿದ್ದಿತ್ತು ಎಂದು ಅವರಿಗೂ ಯಾರೂ ಹೇಳಿರುವುದಿಲ್ಲ. ತೆವಳುವ ಮಗು ನಾಯಿಯ ಹಾಗೆಯೇ ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ಎಲ್ಲರಿಗಿಂತ ಹೆಚ್ಚು ಹತ್ತಿರ ಇರುವವನು ಮಾಲಿ. ಕೈಗವಸಿಲ್ಲದೆ, ಮುಖಕ್ಕೊಂದು ಟವೆಲ್ ಸುತ್ತಿ, ಕ್ಯಾನು ಸೋರಿ ಬೆನ್ನು ಒದ್ದೆಯಾದರೂ ಹೊಡೆಯುತ್ತಲೇ ಇರುವವನು. ಆವರಣದೊಳಗೇ ಬೆಳೆದ ಬೀದಿನಾಯಿಗಳನ್ನಂತೂ ಯಾರೂ ನನ್ನ ಬಳಿ ತರುವುದಿಲ್ಲ. ಮೂಲೆಯಲ್ಲಿ ಸತ್ತಿದ್ದರೆ ಪೌರಕಾರ್ಮಿಕರು ಎತ್ತಿಕೊಂಡು ಹೋಗುತ್ತಾರೆ, ಕಾರಣ ಕೇಳುವವರಿಲ್ಲ.

ಪ್ರಾಣಿಗಳು ಮೊದಲು ಹೇಳುತ್ತವೆ ಎಂಬುದು ಕನ್ನಡಿಗರಿಗೆ ಹೊಸ ಪಾಠವಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದಾಗ, ಕರುಗಳು ಅಂಗ ಊನವಾಗಿ ಹುಟ್ಟಿದ್ದನ್ನು ಗಮನಿಸಿ ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ಸುಪ್ರೀಂ ಕೋರ್ಟ್ ಆ ವಿಷಕ್ಕೆ ದೇಶದಾದ್ಯಂತ ತಡೆ ಹಾಕಿದ್ದು 2011ರಲ್ಲಿ. ಆ ದುರಂತದ ಪಕ್ಕದಲ್ಲಿ ನಮ್ಮ ಹುಲ್ಲುಹಾಸನ್ನು ನಿಲ್ಲಿಸುವುದು ಅಲ್ಲಿ ನೊಂದವರಿಗೆ ಮಾಡುವ ಅನ್ಯಾಯ, ಹಾಗೆ ನಾನು ಮಾಡುತ್ತಿಲ್ಲ. ಸೂಚನೆಗೂ ಕ್ರಮಕ್ಕೂ ನಡುವೆ ಎಷ್ಟು ವರ್ಷ ಕಳೆದುಹೋದವು ಎಂಬುದನ್ನಷ್ಟೇ ನೆನಪಿಸುತ್ತೇನೆ. ನಿಮ್ಮ ಮಟ್ಟದಲ್ಲಿ ಅಷ್ಟು ಕಾಲ ಬೇಕಿಲ್ಲ, ಒಂದು ಸಭೆ ಸಾಕು.

ಸಣ್ಣ ಸಂಸ್ಥೆಗಳಿಂದ ಏನಾಗುತ್ತದೆ ಎನ್ನುವವರಿಗೆ ಕೆನಡಾದ ಹಡ್ಸನ್ ಎಂಬ ಊರಿನ ಕಥೆ ಹೇಳಬೇಕು. ಕ್ವಿಬೆಕ್ ಪ್ರಾಂತದ ಪುಟ್ಟ ಪಟ್ಟಣ ಅದು. ಜೂನ್ ಅರ್ವಿನ್ ಎಂಬ ಚರ್ಮರೋಗ ವೈದ್ಯೆ, ಹುಲ್ಲಿಗೆ ಹೊಡೆಯುವ ಔಷಧಿಗಳ ಬಗ್ಗೆ ಊರಿನ ಪುರಸಭೆಯಲ್ಲಿ ಬಿಡದೆ ಪ್ರಶ್ನೆ ಕೇಳುತ್ತ ಬಂದರು. 1991ರಲ್ಲಿ ಪುರಸಭೆ, ಬರೀ ಚಂದಕ್ಕಾಗಿ ಕೀಟನಾಶಕ, ಕಳೆನಾಶಕ ಹೊಡೆಯುವಂತಿಲ್ಲ ಎಂದು ಉಪನಿಯಮ ಮಾಡಿತು. ಹುಲ್ಲುಹಾಸು ನೋಡಿಕೊಳ್ಳುವ ಕಂಪನಿಗಳು ಕೋರ್ಟಿಗೆ ಹೋದವು. 2001ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಪುರಸಭೆಯ ಪರ ತೀರ್ಪು ಕೊಟ್ಟಿತು. 2009ರಲ್ಲಿ ಒಂಟಾರಿಯೊ ಪ್ರಾಂತದಲ್ಲಿ ಇಂಥ ನಿಷೇಧ ಜಾರಿಗೆ ಬಂತು. ಅಲ್ಲಿ ಈಗಲೂ ಹುಲ್ಲು ಹಸಿರಾಗಿಯೇ ಇದೆ. ನಿಮಗೆ ಕೋರ್ಟಿಗೆ ಹೋಗುವ ಪ್ರಸಂಗವೂ ಇಲ್ಲ. ತೋಟದ ವಾರ್ಷಿಕ ಗುತ್ತಿಗೆಗೆ ಸಹಿ ಹಾಕುವವರು ನೀವೇ.

ನಿಮ್ಮ ಸಭೆಗಳಲ್ಲಿ ಏಳುವ ಮಾತುಗಳೂ ನನಗೆ ಗೊತ್ತು. "ನಾಯಿಯವರು ಹೇಲು ಎತ್ತುವುದಿಲ್ಲ, ಅವರಿಗಾಗಿ ನಾವೇಕೆ ಬದಲಾಗಬೇಕು?" ಎತ್ತದಿರುವುದು ತಪ್ಪೇ, ಅದನ್ನು ಕಟ್ಟುನಿಟ್ಟಾಗಿ ಕೇಳಿ, ನಾನೂ ನಿಮ್ಮ ಜತೆ ನಿಲ್ಲುತ್ತೇನೆ. ಆದರೆ ಮಾಲೀಕನ ಅಶಿಸ್ತಿಗೆ ನಾಯಿ ವಿಷ ಉಣ್ಣಬೇಕೆಂದು ನಿಮ್ಮಲ್ಲಿ ಯಾರೂ ಬಯಸಲಾರಿರಿ. "ಕಳೆ ಕೀಳಿಸಿದರೆ ಖರ್ಚು ಹೆಚ್ಚು." ಸ್ವಲ್ಪ ಹೆಚ್ಚಾಗಬಹುದು, ಒಪ್ಪುತ್ತೇನೆ. ಹುಲ್ಲನ್ನು ನೆಲಮಟ್ಟಕ್ಕೆ ಬೋಳಿಸದೆ ಎರಡು ಮೂರು ಇಂಚು ಬಿಟ್ಟು ಕತ್ತರಿಸಿದರೆ ನೆಲಕ್ಕೆ ನೆರಳಾಗಿ ಕಳೆ ಮೊಳೆಯುವುದೇ ಕಡಿಮೆಯಾಗುತ್ತದೆ. ಕತ್ತರಿಸುವ ಕೂಲಿಯೂ ಉಳಿಯುತ್ತದೆ. "ಗೆದ್ದಲು, ಇಲಿ ಬಂದರೆ ಏನು ಮಾಡುವುದು?" ಅವು ನಿಜವಾದ ತೊಂದರೆಗಳೇ. ಗೆದ್ದಲು ಎದ್ದ ಜಾಗಕ್ಕಷ್ಟೇ, ಪರವಾನಗಿ ಇರುವವರಿಂದ ಚಿಕಿತ್ಸೆ ಮಾಡಿಸಿ. ಇಡೀ ಹುಲ್ಲುಹಾಸಿಗೆ ಸುರಿಸಬೇಡಿ. ಕಸದ ಕೋಣೆಗೆ ಮುಚ್ಚಳ, ಬಾಗಿಲು ಸರಿಯಾಗಿದ್ದರೆ ಇಲಿಯ ಅರ್ಧ ಕಾಟ ಅಲ್ಲಿಗೇ ಮುಗಿಯುತ್ತದೆ.

ಇನ್ನು ನನ್ನ ಬೇಡಿಕೆಗಳು. ನಡೆಸಲಾಗದ್ದನ್ನು ಒಂದನ್ನೂ ಕೇಳುತ್ತಿಲ್ಲ.

1. ಗೇಟಿನ ಸೆಕ್ಯೂರಿಟಿ ಮೇಜಿನ ಮೇಲೆ ಒಂದು ಪುಸ್ತಕ ಇಡಿ. ಏನು ಹೊಡೆದರು, ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಎಂದು ಅದರಲ್ಲಿ ಬರೆದಿರಲಿ. ಡಬ್ಬಿಯ ಚೀಟಿಯ ಫೋಟೋ ಅದಕ್ಕೆ ಅಂಟಿಸಿರಲಿ. ಮೂಲ ಡಬ್ಬಿಯಿಂದ ಬೇರೆ ಬಾಟಲಿಗೆ, ಅದರಲ್ಲೂ ನೀರಿನ ಬಾಟಲಿಗೆ, ಸುರಿದು ತರುವುದನ್ನು ಪೂರ್ತಿ ನಿಲ್ಲಿಸಿ. ರಾತ್ರಿ ಎರಡು ಗಂಟೆಗೆ ನಾಯಿ ಸೆಳೆತಕ್ಕೆ ಸಿಕ್ಕರೂ, ಮಗು ಏನನ್ನಾದರೂ ಬಾಯಿಗೆ ಹಾಕಿಕೊಂಡರೂ ವೈದ್ಯರಿಗೆ ಆ ಪುಟ ತೋರಿಸಿದರೆ ಸಾಕು.

2. ಸಿಂಪಡಣೆಗೆ ಎರಡು ದಿನ ಮೊದಲು ಎಲ್ಲ ಮನೆಗಳಿಗೂ ಸಂದೇಶ ಕಳಿಸಿ. ಲಿಫ್ಟಿನಲ್ಲಿ ಕನ್ನಡದಲ್ಲೂ ಚೀಟಿ ಹಚ್ಚಿ. ಮನೆಗೆಲಸದವರು, ಡ್ರೈವರುಗಳು ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಇರುವುದಿಲ್ಲ. ನಾಯಿಯನ್ನು ಹೊರಗೆ ಕರೆದೊಯ್ಯುವವರು ಹಲವು ಮನೆಗಳಲ್ಲಿ ಅವರೇ.

3. ಹೊಡೆದ ಜಾಗಕ್ಕೆ ಹಗ್ಗ ಕಟ್ಟಿ, ಬಾವುಟ ನೆಡಿ, ಕನಿಷ್ಠ ಮೂರು ದಿನ ಯಾರೂ ಕಾಲಿಡದಂತೆ ನೋಡಿಕೊಳ್ಳಿ. ಗಾಳಿ ಬೀಸುವಾಗ, ಮಳೆ ಮೋಡ ಇದ್ದಾಗ ಹೊಡೆಸಬೇಡಿ.

4. ಚಂದಕ್ಕಾಗಿ ಕಳೆನಾಶಕ ಬೇಡ. ಕೈಯಿಂದ ಕೀಳಿಸಿ. ಗೊಣ್ಣೆಹುಳಕ್ಕೆ ಮೆಟರೈಜಿಯಂ ಶಿಲೀಂಧ್ರದ ಪುಡಿ ಸಿಗುತ್ತದೆ, ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿ. ಬಸವನಹುಳಕ್ಕೆ ತೌಡು ಬೆಲ್ಲದಲ್ಲಿ ವಿಷ ಕಲಸಿ ಇಡಬೇಡಿ, ಅದನ್ನು ಮೊದಲು ತಿನ್ನುವುದು ನಾಯಿ. ಒದ್ದೆ ಗೋಣಿಚೀಲ ಹಾಸಿಟ್ಟರೆ ರಾತ್ರಿ ಬಂದು ಅದರಡಿ ಸೇರುತ್ತವೆ. ಬೆಳಗ್ಗೆ ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕಿಸಿ.

5. ಇಲಿ ಪಾಷಾಣವನ್ನು ಬೀಗವಿರುವ ಪೆಟ್ಟಿಗೆಯಲ್ಲೇ ಇಡಿಸಿ. ಬಿಲದ ಬಾಯಲ್ಲಿ ಬೋಂಡಾಕ್ಕೆ ಹಚ್ಚಿ ಇಡುವುದು ಬೇಡವೇ ಬೇಡ.

6. ಹರಳು ಹಿಂಡಿ, ಮೂಳೆಪುಡಿಗಳ ಬದಲು ಎರೆಗೊಬ್ಬರ, ಕಾಂಪೋಸ್ಟ್ ಬಳಸಿ. ನಿಮ್ಮ ಹಸಿ ಕಸದಿಂದಲೇ ಅದು ಆಗುತ್ತದೆ.

7. ಮಾಲಿಗೆ ಗವಸು, ಬೂಟು, ಮುಖವಾಡ, ಕೆಲಸದ ನಂತರ ಸೋಪು ನೀರು ಸಿಗುವಂತೆ ಮಾಡಿ. ಕೊಡದ ಕಂಟ್ರಾಕ್ಟರನ್ನು ಬದಲಿಸಿ. ಪರವಾನಗಿಯ ಪ್ರತಿ ಕಡತದಲ್ಲಿರಲಿ.

8. ಆವರಣದ ಒಂದು ಮೂಲೆಯನ್ನಾದರೂ ಯಾವ ಔಷಧಿಯೂ ಬೀಳದ ಜಾಗವೆಂದು ಘೋಷಿಸಿ, ನಾಯಿಗಳಿಗೆ ಬಿಡಿ. ಅಲ್ಲಿ ಗರಿಕೆಯೇ ಬೆಳೆಯಲಿ. ಅದಕ್ಕೆ ಯಾರ ಉಪಚಾರವೂ ಬೇಕಿಲ್ಲ.

ನಾಯಿ ಸಾಕಿದ ನಿಮ್ಮ ನೆರೆಹೊರೆಯವರಿಗೆ ಇದನ್ನೂ ಮುಟ್ಟಿಸಿ. ಹೊರಗಿನಿಂದ ಬಂದ ಕೂಡಲೇ ಪಾದ, ಹೊಟ್ಟೆಯ ಭಾಗ ನೀರಿನಲ್ಲಿ ತೊಳೆದು ಒರೆಸಲಿ. ಆಮೇಲೆ ನೆಕ್ಕಿಕೊಂಡರೂ ಅಪಾಯ ಕಡಿಮೆ. ವಿಷದ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ಅದೇ ಇನ್ನೊಂದು ವಿಷವಾಗಬಹುದು. ಹಾಲು, ಮೊಟ್ಟೆ, ಎಣ್ಣೆ ಯಾವುದೂ ಬೇಡ. ಮೈಗೆ ತಾಗಿದ್ದರೆ ಸೋಪಿನಲ್ಲಿ ತೊಳೆದು, ಗೇಟಿನ ಆ ಪುಸ್ತಕದ ಪುಟದ ಫೋಟೋ ತೆಗೆದುಕೊಂಡು ಹತ್ತಿರದ ಪಶುವೈದ್ಯರ ಬಳಿ ಹೊರಡಲಿ. ಸೆಳೆತ ಬಂದ ಮೇಲೆ ಹೊರಡೋಣ ಎಂದು ಕಾಯುವುದು ಬೇಡ.

ಮಹನೀಯರೇ, ಈ ಎಂಟರಲ್ಲಿ ಮೊದಲನೆಯದಕ್ಕೆ ತಗಲುವ ವೆಚ್ಚ ಒಂದು ನೋಟ್‌ಬುಕ್ಕು, ಒಂದು ಪೆನ್ನು. ಉಳಿದದ್ದನ್ನು ಚರ್ಚಿಸಿ ನಿಧಾನವಾಗಿ ಮಾಡಿ. ಅದೊಂದನ್ನು ಈ ವಾರವೇ ಮಾಡಿ. ಏನು ಹೊಡೆಯುತ್ತಿದ್ದೇವೆ ಎಂದು ಬರೆದು ಗೇಟಿನಲ್ಲಿ ಇಡಬೇಕಾಗಿ ಬಂದಾಗ, ಎಲ್ಲರೂ ಓದುವ ಕಡೆ ಬರೆಯಲು ನಿಮಗೇ ಸಂಕೋಚವಾಗುವ ಹೆಸರುಗಳು ತಾವಾಗಿ ಸ್ಟೋರ್ ರೂಮಿನಿಂದ ಹೊರಗೆ ಹೋಗುತ್ತವೆ ಎಂದು ನಾನು ನಂಬಿದ್ದೇನೆ. ನಿಮ್ಮ ಮುಂದಿನ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಜಾಗ ಕೊಡಿ, ತೀರ್ಮಾನವನ್ನು ನಡಾವಳಿಯಲ್ಲಿ ದಾಖಲಿಸಿ, ತೋಟದ ಗುತ್ತಿಗೆ ನವೀಕರಿಸುವಾಗ ಷರತ್ತಾಗಿ ಸೇರಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಯಾವ ಸಂಘ ಕರೆದರೂ ಒಂದು ಭಾನುವಾರ ಬಂದು ನಿಮ್ಮ ನಿವಾಸಿಗಳ, ಮುಖ್ಯವಾಗಿ ನಿಮ್ಮ ಮಾಲಿಗಳ ಜತೆ ಮಾತಾಡಲು ನಾನು ಸಿದ್ಧ.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸರ್ಕಾರಿ ಪಶುವೈದ್ಯ
ಬೆಂಗಳೂರು